ಹನ್ನೊಂದು ಹೆಸರಿಗೆ ಒಬ್ಬಳ ರಕ್ತ

ಸೂಜಿಯಣ್ಣನಿಗೆ ತಂದೆತಾಯಿ ಇಟ್ಟ ಹೆಸರೊಂದಿತ್ತು. ಆದರೆ ಆರೋಗ್ಯ ಕಚೇರಿಯ ಹಾಜರಿ ಪುಸ್ತಕವನ್ನು ಬಿಟ್ಟರೆ ಅದು ಇನ್ನೆಲ್ಲೂ ಬಳಕೆಯಲ್ಲಿರಲಿಲ್ಲ. ಹದಿನಾರು ವರ್ಷದಿಂದ ಅವನ ಕೆಲಸ ಒಂದೇ: ಹೆಗಲಿಗೆ ಚೀಲ ಹಾಕಿಕೊಂಡು ನಾನೂರ ಇಪ್ಪತ್ತು ಮನೆಗಳ ಬಾಗಿಲು ತಟ್ಟಿ, "ಯಾರಿಗಾದ್ರೂ ಜ್ವರ ಇದೆಯಾ?" ಎಂದು ಕೇಳುವುದು. ಇದೆ ಅಂದರೆ ಬೆರಳ ತುದಿಗೆ ಸೂಜಿ ಚುಚ್ಚಿ, ಎರಡು ಹನಿ ರಕ್ತವನ್ನು ಗಾಜಿನ ಸ್ಲೈಡಿಗೆ ಬಳಿದು, ಒಣಗಿಸಿ, ನಂಬರು ಬರೆದು, ಮಲೇರಿಯಾ ಇದೆಯೋ ಇಲ್ಲವೋ ನೋಡಲು ಲ್ಯಾಬಿಗೆ ಕಳಿಸುವುದು. ಇಲ್ಲ ಅಂದರೆ ಬಾಗಿಲ ಪಕ್ಕದ ಗೋಡೆಗೆ ತಾರೀಖು ಬರೆದು ಮುಂದಿನ ಮನೆಗೆ ನಡೆಯುವುದು. ಅವನನ್ನು ಕಂಡರೆ ಮಕ್ಕಳು ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಳ್ಳುತ್ತಿದ್ದವು. ಊಟಕ್ಕೆ ಹಟ ಮಾಡುವ ಕೂಸುಗಳಿಗೆ ತಾಯಂದಿರು ಅವನ ಹೆಸರು ಹೇಳಿಯೇ ತುತ್ತು ಇಳಿಸುತ್ತಿದ್ದರು. ಅವನಿಗೆ ಒಳಗೊಳಗೇ ಅದರ ಬಗ್ಗೆ ಹೆಮ್ಮೆಯೂ ಇತ್ತು ಅನ್ನಿ.

ಮೊದಲ ವರ್ಷಗಳಲ್ಲಿ ಬೆರಳುಗಳಿಗೆ ಬರವಿರಲಿಲ್ಲ. ಒಂದು ಬೀದಿ ಮುಗಿಸುವಷ್ಟರಲ್ಲಿ ಹತ್ತು ಸ್ಲೈಡು. ಗಡಗಡ ನಡುಗುವವರು, ಮೂರು ಹೊದಿಕೆ ಹೊದ್ದು ಬಿಸಿಲಲ್ಲಿ ಕೂತವರು. ಆಮೇಲೆ ಸೊಳ್ಳೆಪರದೆ ಬಂತು, ಗೋಡೆಗೆ ಔಷಧಿ ಹೊಡೆದರು, ಒಳ್ಳೆಯ ಮಾತ್ರೆಗಳು ಬಂದವು, ಜ್ವರ ಹಿಂದೆ ಸರಿಯುತ್ತಾ ಸರಿಯುತ್ತಾ ಒಂದು ದಿನ ಕಾಣದಾಯಿತು. ಅದರಲ್ಲಿ ಸೂಜಿಯಣ್ಣ ಸವೆಸಿದ ಚಪ್ಪಲಿಯ ಪಾಲೂ ಇತ್ತು. ಆ ಪಾಲನ್ನು ಅವನಿಂದ ಯಾರೂ ಕಿತ್ತುಕೊಳ್ಳುವಂತಿಲ್ಲ, ಮುಂದೆ ಅವನು ಏನೇ ಮಾಡಿರಲಿ.

ತೊಂದರೆ ಶುರುವಾದದ್ದೇ ಜ್ವರ ಹೋದ ಮೇಲೆ. ಜ್ವರ ಹೋಯಿತು, ಸ್ಲೈಡಿನ ಲೆಕ್ಕ ಹೋಗಲಿಲ್ಲ. ತಿಂಗಳಿಗೆ ನಲವತ್ತು ಸ್ಲೈಡು ಬರಲೇಬೇಕು ಎಂದು ಕಚೇರಿ ಪಟ್ಟು ಹಿಡಿದು ಕೂತಿತು. ಕಚೇರಿಯದೂ ತಪ್ಪೆನ್ನುವಂತಿಲ್ಲ. ಇಲ್ಲ ಎಂದು ಸಾಬೀತು ಮಾಡಬೇಕಾದರೂ ಹುಡುಕಲೇಬೇಕಲ್ಲ. ದೇಶದೊಳಗೇ ಹುಟ್ಟಿದ ಮಲೇರಿಯಾ ಮೂರು ವರ್ಷ ಒಂದೂ ಇಲ್ಲದಿದ್ದರೆ, ಜಗತ್ತಿನ ಆರೋಗ್ಯ ನೋಡಿಕೊಳ್ಳುವ ದೊಡ್ಡ ಸಂಸ್ಥೆಯವರು ಬಂದು, ಪುಸ್ತಕಗಳನ್ನೆಲ್ಲಾ ತಿರುವಿ ಹಾಕಿ, ಈ ದೇಶ ಮಲೇರಿಯಾದಿಂದ ಪಾರಾಯಿತು ಎಂದು ಪ್ರಮಾಣಪತ್ರ ಕೊಡುತ್ತಾರೆ. ಹಾಗಾಗಿ ಹುಡುಕಬೇಕು, ಹುಡುಕಿದ್ದನ್ನು ತೋರಿಸಬೇಕು, ಸಿಗಲೂ ಬಾರದು. ಆದರೆ ಜ್ವರವಿಲ್ಲದ ಜನ ಬೆರಳು ಕೊಟ್ಟಾರೆಯೇ? "ಚೆನ್ನಾಗಿರೋ ಬೆರಳಿಗೆ ಯಾಕಪ್ಪ ಸೂಜಿ?" ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದರು. ಸ್ಲೈಡು ಕಡಿಮೆಯಾದಾಗ ಅವನಿಗೆ ಎರಡು ಸಲ ನೋಟಿಸು ಬಂತು. ಮೂರನೆಯದಕ್ಕೆ ಮನೆಗೆ ಹೋಗಬಹುದು ಎಂದರು.

ಆಗ ಅವನು ತನ್ನ ಬೆರಳಿಗೇ ಚುಚ್ಚಿಕೊಂಡ. ಕೆಲವು ತಿಂಗಳು ಹಾಗೆ ನಡೆಯಿತು. ಬೆರಳ ತುದಿ ಗಟ್ಟಿಯಾಗಿ ಸೂಜಿ ಇಳಿಯದಂತಾದಾಗ ಹೆಂಡತಿಯ ಕಡೆ ನೋಡಿದ.

ಹೆಂಡತಿ ಮನೆಯಲ್ಲೇ ಯಂತ್ರ ಇಟ್ಟುಕೊಂಡು, ದರ್ಜಿ ಅಂಗಡಿಯಿಂದ ಬರುವ ಅಂಗಿಗಳಿಗೆ ಕಾಜಾ ಹೊಲಿದು ಗುಂಡಿ ಹಾಕಿ ಕೊಡುತ್ತಿದ್ದಳು. ಬೀದಿಯವರಿಗೆ ಅವಳು ಗುಂಡಿಯಕ್ಕ. ಬಲಗೈ ಕೆಲಸಕ್ಕೆ ಬೇಕು, ಎಡಗೈಯ ಉಂಗುರ ಬೆರಳನ್ನು ಬೇಕಾದರೆ ತೆಗೆದುಕೊಳ್ಳಿ ಎಂದಳು. ಬೆಳಗಿನ ಕೆಲಸ ಮುಗಿದ ಮೇಲೆ ಅಡುಗೆಮನೆಯ ಕಟ್ಟೆಯ ಮೇಲೆ ಅವನು ಹತ್ತು ಹನ್ನೊಂದು ಸ್ಲೈಡು ಸಾಲಾಗಿ ಜೋಡಿಸುತ್ತಿದ್ದ. ಅವಳು ಸೆರಗಿನಿಂದ ಕೈ ಒರೆಸಿಕೊಂಡು ಬಂದು ಕೂರುತ್ತಿದ್ದಳು.

"ಇವತ್ತು ನಾನು ಯಾರ್ಯಾರು?" ಎಂದು ಕೇಳುವಳು.

"ಮೊದಲು ಬೇಕರಿ ಅಜ್ಜಿ. ಆಮೇಲೆ ರಿಟೈರಾದ ಮೇಷ್ಟ್ರು. ಆಮೇಲೆ ಕಟಿಂಗ್ ಅಂಗಡಿಯವನು."

"ಮೇಷ್ಟ್ರಾಗಿರೋವಾಗ ನಿಮ್ಮ ಕಿವಿ ಹಿಂಡಬಹುದಾ?"

ಒಂದು ಚುಚ್ಚಿಗೆ ಹನ್ನೊಂದು ಜನ. ಬೆರಳು ಹಿಂಡಿ ಹಿಂಡಿ ಹನಿ ತೆಗೆಯಬೇಕಾಗುತ್ತಿತ್ತು. ಲ್ಯಾಬಿನಿಂದ ಪ್ರತಿ ಸಲವೂ ಇಲ್ಲ, ಇಲ್ಲ, ಇಲ್ಲ ಎಂದೇ ಬರುತ್ತಿತ್ತು. ಇಲ್ಲದ್ದನ್ನು ಇಲ್ಲ ಅಂದರೆ ಯಾರಿಗೇನು ನಷ್ಟ ಎಂದು ಅವನು ಸಮಾಧಾನ ಮಾಡಿಕೊಂಡಿದ್ದ. ನಾವು ನೀವಾದರೂ ಹಾಗೇ ಮಾಡಿಕೊಳ್ಳುತ್ತಿದ್ದೆವೇನೋ.

ಮೂರು ವರ್ಷ ತುಂಬಲು ಆರು ವಾರ ಉಳಿದಿತ್ತು. ಆಗ ಲ್ಯಾಬ್ ಮೇಡಂ ಫೋನು ಮಾಡಿದರು.

"ಎಲ್ಲಿದೀರಿ? ಕೂತ್ಕೊಳ್ಳಿ ಮೊದಲು. ನಿಮ್ಮ ಹನ್ನೊಂದು ಸ್ಲೈಡೂ ಪಾಸಿಟಿವ್."

"ಹನ್ನೊಂದರಲ್ಲಿ ಎಷ್ಟು ಮೇಡಂ?"

"ಹನ್ನೊಂದೂ. ಎರಡು ಸಲ ನೋಡಿದೆ. ಎಲ್ಲಾ ಒಂದೇ ತಾಯಿಯ ಮಕ್ಕಳ ಥರ ಇವೆ ನೋಡಿ," ಎಂದವರು, "ಕಚೇರಿಯ ಸಾಹೇಬರಿಗೆ ರಿಪೋರ್ಟ್ ಹೋಗಿದೆ," ಎಂದು ಫೋನು ಇಟ್ಟುಬಿಟ್ಟರು.

ಸೂಜಿಯಣ್ಣ ಬೀದಿಯ ಮಧ್ಯೆ ನಿಂತಿದ್ದ. ಕೆಲಸದ ಭಯ ಆಮೇಲೆ ಬಂತು. ಮೊದಲು ಬಂದದ್ದು ಹೆಂಡತಿಯ ಮುಖ. ಎರಡು ವಾರದಿಂದ ಅವಳು, "ರೀ, ಯಾಕೋ ದಿನ ಬಿಟ್ಟು ದಿನ ಮೈ ನಡುಗುತ್ತೆ," ಅನ್ನುತ್ತಿದ್ದಳು. "ಫ್ಯಾನಿನ ಕೆಳಗೆ ಕೂತು ಹೊಲಿದ್ರೆ ಇನ್ನೇನಾಗತ್ತೆ?" ಎಂದಿದ್ದ. ಆ ಹನ್ನೊಂದು ಸ್ಲೈಡು ತೆಗೆದ ದಿನ ಅವಳ ಕೈ ಕಾದಿತ್ತು. ಬೆರಳು ಬೆಚ್ಚಗಿದ್ದರೆ ರಕ್ತ ಚೆನ್ನಾಗಿ ಇಳಿಯುತ್ತೆ ಎಂದು ಖುಷಿಪಟ್ಟಿದ್ದ. ನಾನೂರ ಇಪ್ಪತ್ತು ಮನೆಗೆ ಹೋಗಿ ಜ್ವರ ಇದೆಯಾ ಎಂದು ಕೇಳುವವನು ತನ್ನ ಮನೆಯಲ್ಲಿ ಕೇಳಿರಲಿಲ್ಲ. ಆ ನಾಚಿಕೆಗೆ ಅವನಿಗೆ ಬೀದಿಯಲ್ಲೇ ಕಣ್ಣು ತುಂಬಿತು.

ಜ್ವರ ಎಲ್ಲಿಂದ ಬಂತು ಎಂದು ಅವನಿಗೆ ತಕ್ಷಣ ಹೊಳೆಯಿತು. ಎಂಟು ತಿಂಗಳ ಹಿಂದೆ ಅವಳು ತಂಗಿಯ ಬಾಣಂತನಕ್ಕೆಂದು ಗಡಿಯಾಚೆ ಹೋಗಿ ಒಂದು ತಿಂಗಳಿದ್ದು ಬಂದಿದ್ದಳು. ಅಲ್ಲಿ ಇನ್ನೂ ಮಲೇರಿಯಾ ಇದೆ. ಹೀಗೆ ದಿನ ಬಿಟ್ಟು ದಿನ ನಡುಗಿಸುವ ಜಾತಿಯ ಮಲೇರಿಯಾ ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಅಡಗಿ ಕೂತು, ತನಗೆ ಬೇಕೆನಿಸಿದಾಗ ರಕ್ತಕ್ಕೆ ಇಳಿಯುತ್ತದೆ.

ಆಗಲೇ ಓಡಿಹೋಗಿ ಎಲ್ಲಾ ಹೇಳಿಬಿಟ್ಟಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಅವನು ಕಚೇರಿಯ ಮೆಟ್ಟಿಲವರೆಗೆ ಹೋದ. ಒಳಗೆ ಫೋನುಗಳು ಬಾಯಿ ಬಡಿದುಕೊಳ್ಳುತ್ತಿದ್ದವು, ಜೀಪುಗಳು ಬಂದು ನಿಂತಿದ್ದವು. ಸುಳ್ಳು ಸ್ಲೈಡು ಎಂದರೆ ಕೆಲಸ ಹೋಗುವುದಷ್ಟೇ ಅಲ್ಲ, ಪೊಲೀಸ್ ಕೇಸು ಕೂಡ. ನಾಳೆ ಹೇಳಿದರಾಯಿತು ಎಂದುಕೊಂಡ. ಅಷ್ಟರಲ್ಲಿ ಕಚೇರಿಯ ನರ್ಸಮ್ಮ ಅವನ ಕೈಗೆ ಹನ್ನೊಂದು ಮಾತ್ರೆ ಪೊಟ್ಟಣ ಇಟ್ಟು, "ನಡೀರಿ, ನಿಮ್ಮ ರೋಗಿಗಳ ಮನೆ ತೋರಿಸಿ," ಎಂದರು.

ಹನ್ನೊಂದು ಜನ ಗಟ್ಟಿಮುಟ್ಟಾದ ರೋಗಿಗಳು. ಒಬ್ಬೊಬ್ಬರ ಬೆರಳಿನಿಂದ ನರ್ಸಮ್ಮ ಮೊದಲು ಒಂದು ಹನಿ ತೆಗೆದು ಸಣ್ಣ ಪರೀಕ್ಷಾ ಪಟ್ಟಿಯ ಮೇಲೆ ಹಾಕಿ ನೋಡಿದರು. ಕೆಲವರ ರಕ್ತದಲ್ಲಿ ಏನೋ ಒಂದು ಅಂಶ ಹುಟ್ಟಿನಿಂದಲೇ ಕಡಿಮೆ ಇರುತ್ತದೆ, ಅಂಥವರಿಗೆ ಈ ಮಾತ್ರೆ ಕೊಟ್ಟರೆ ರಕ್ತ ಒಡೆದುಹೋಗುತ್ತದೆ. ಅದಕ್ಕೆ ಈ ಪರೀಕ್ಷೆ. ಹನ್ನೊಂದು ಜನರದೂ ಸರಿಯಾಗಿತ್ತು. ಮೂರು ದಿನ ದೊಡ್ಡ ಬಿಳಿ ಮಾತ್ರೆ, ಅದರ ಜೊತೆಗೆ ಹದಿನಾಲ್ಕು ದಿನ ಚಿಕ್ಕ ಕಂದು ಮಾತ್ರೆ. ಬಿಳಿಯದು ರಕ್ತದಲ್ಲಿರುವುದಕ್ಕೆ, ಕಂದು ಅಡಗಿ ಕೂತಿರುವುದಕ್ಕೆ. ದಿನಾ ಮನೆಗೆ ಹೋಗಿ, ಮಾತ್ರೆ ಗಂಟಲಿಗಿಳಿಯುವುದನ್ನು ಕಣ್ಣಾರೆ ನೋಡಿ ಗುರುತು ಹಾಕಬೇಕಾದವನು ಸೂಜಿಯಣ್ಣನೇ.

ಜನರ ವಿಚಿತ್ರ ನೋಡಿ, ಒಬ್ಬರೂ ತಕರಾರು ಮಾಡಲಿಲ್ಲ. ಬೇಕರಿ ಅಜ್ಜಿ, "ಅದಕ್ಕೇ ಮೊಣಕಾಲು ನೋಯ್ತಿತ್ತು ನೋಡು," ಎಂದರು. ಮೇಷ್ಟ್ರು ತಮಗೆ ಹೋದ ವರ್ಷದಿಂದಲೇ ಅನುಮಾನ ಇತ್ತು ಎಂದರು. ಎರಡನೆಯ ದಿನಕ್ಕೆ ಎಲ್ಲರಿಗೂ ಗುಣ ಕಾಣಿಸತೊಡಗಿತು.

ಕಟಿಂಗ್ ಅಂಗಡಿಯವನೊಬ್ಬ ಮಾತ್ರ ಮಾತ್ರೆ ಹಿಡಿದು ಕೂತ. ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ.

"ಸೂಜಿಯಣ್ಣ, ನನ್ನ ಬೆರಳಿಗೆ ನೀನು ಯಾವಾಗ ಚುಚ್ಚಿದೆ?"

"ಹೋದ ತಿಂಗಳು ಬಂದಿದ್ನಲ್ಲ."

"ಬಂದಿದ್ದೆ. ಗೋಡೆಗೆ ಬರ್ಕೊಂಡು ಹೋದೆ. ನಾನು ಬೆರಳಲ್ಲಿ ಬದುಕೋನು ಕಣಪ್ಪ. ಕತ್ತರಿ ಹಿಡಿಯೋ ಬೆರಳಿಗೆ ಸೂಜಿ ಬಿದ್ದಿದ್ರೆ ನನಗೆ ಗೊತ್ತಾಗಲ್ವಾ?"

ಕನ್ನಡಿಯಲ್ಲಿ ಇಬ್ಬರ ಮುಖವೂ ಕಾಣುತ್ತಿತ್ತು. ಸೂಜಿಯಣ್ಣ ಉಗುಳಲೂ ಆಗದೆ ನುಂಗಲೂ ಆಗದೆ ಕೊನೆಗೆ ತಲೆ ತಗ್ಗಿಸಿದ. ಕಟಿಂಗ್‌ನವನು ಪೊಟ್ಟಣವನ್ನು ಅವನ ಕಡೆ ತಳ್ಳಿದ.

"ಇದು ಯಾರಿಗೆ ಬೇಕೋ ಅವರಿಗೆ ಕೊಡು. ಯಾರಿಗೆ ಅಂತ ನಾನು ಕೇಳಲ್ಲ. ನುಂಗಿದ ಅಂತ ಬರ್ಕೋ."

ಸೂಜಿಯಣ್ಣನಿಗೆ ದೇವರೇ ಬಂದಂತಾಯಿತು. ಆ ಮಾತ್ರೆ ಯಾವ ಔಷಧಿ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ. ಇಲ್ಲದ ಕಾಯಿಲೆಯ ಮಾತ್ರೆ ಯಾರು ಇಟ್ಟಾರು? ಸರ್ಕಾರದ ಪೊಟ್ಟಣ ಬೇಕೆಂದರೆ ರೋಗಿಗಳ ಪಟ್ಟಿಯಲ್ಲಿ ಹೆಸರಿರಬೇಕು. ಮಲೇರಿಯಾ ಇದ್ದವಳ ಹೆಸರು ಪಟ್ಟಿಯಲ್ಲಿರಲಿಲ್ಲ. ಮನೆಗೆ ಬಂದು ಹೆಂಡತಿಗೆ ನಡೆದದ್ದನ್ನೆಲ್ಲಾ ಹೇಳಿ ಮಾತ್ರೆ ಕೊಟ್ಟ. ಅವಳು ಕೇಳಿಸಿಕೊಂಡು ಮಾತ್ರೆ ಬಾಯಿಗೆ ಹಾಕಿ ನೀರು ಕುಡಿದಳು. ರಕ್ತದ ಆ ಪರೀಕ್ಷೆ ಅವನಿಗೆ ನೆನಪಾಗದೆ ಇರಲಿಲ್ಲ. ಆದರೆ ಆ ಪರೀಕ್ಷಾ ಪಟ್ಟಿಗಳು ನರ್ಸಮ್ಮನ ಹತ್ತಿರ ಎಣಿಕೆಯಲ್ಲಿದ್ದವು, ಕೇಳಿದರೆ ಯಾರಿಗೆ ಎನ್ನುತ್ತಾರೆ. ಹದಿನಾರು ವರ್ಷದಲ್ಲಿ ಅಂಥ ರಕ್ತದವರನ್ನು ಅವನು ಕಂಡದ್ದು ಇಬ್ಬರನ್ನೋ ಮೂವರನ್ನೋ. ಇವಳಿಗೇ ಯಾಕೆ ಇರಬೇಕು ಎಂದುಕೊಂಡ. ಮೂರನೆಯ ದಿನಕ್ಕೆ ನಡುಕ ನಿಂತಿತು. ಅವಳು ಯಂತ್ರದ ಮುಂದೆ ಕೂತು ಒಂದು ರಾಶಿ ಅಂಗಿ ಮುಗಿಸಿದಳು.

ಇತ್ತ ಸಾಹೇಬರೂ ಕೈಕಟ್ಟಿ ಕೂತಿರಲಿಲ್ಲ. ಇಲ್ಲೇ ಹುಟ್ಟಿದ ಹನ್ನೊಂದು ಕೇಸು ಅಂದರೆ ದೇಶದ ಮೂರು ವರ್ಷ ಮಣ್ಣುಪಾಲು, ಮತ್ತೆ ಸೊನ್ನೆಯಿಂದ ಶುರು. ಹೊರಗಿನಿಂದ ಹೊತ್ತು ತಂದ ಜ್ವರ ಮಾತ್ರ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಹನ್ನೊಂದು ಜನರೂ ಒಂದೇ ಬಸ್ಸಿನಲ್ಲಿ ಗಡಿಯಾಚೆ ಮದುವೆಗೆ ಹೋಗಿದ್ದರು ಎಂದು ಕಾಗದ ತಯಾರಾಯಿತು. ಒಬ್ಬೊಬ್ಬರಾಗಿ ಬಂದು ಸಹಿ ಹಾಕಿದರು. ಬೇಕರಿ ಅಜ್ಜಿ ಮನೆ ಬಿಟ್ಟು ಬಸ್ ನಿಲ್ದಾಣ ನೋಡಿ ಆರು ವರ್ಷವಾಗಿತ್ತು.

"ಸಾರ್, ನಾನು ಹೆಣ್ಣಿನ ಕಡೆಯವನಾ, ಗಂಡಿನ ಕಡೆಯವನಾ? ಯಾರಾದ್ರೂ ಕೇಳಿದ್ರೆ ಹೇಳ್ಬೇಕಲ್ಲ," ಎಂದ ಕಟಿಂಗ್‌ನವನು.

"ಹಾಕಪ್ಪ ಸಹಿ," ಎಂದರು ಸಾಹೇಬರು.

ಐದನೆಯ ದಿನ ಬೆಳಿಗ್ಗೆ ಹೆಂಡತಿ ಅಡುಗೆಮನೆಯಿಂದ ಹಜಾರಕ್ಕೆ ಬರುವಷ್ಟರಲ್ಲಿ ಗೋಡೆ ಹಿಡಿದು ಕೂತಳು. ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ತುಟಿ ಬಿಳಿಚಿಕೊಂಡಿತ್ತು, ಕಣ್ಣು ಹಳದಿ.

"ಮೂತ್ರ ಯಾವ ಬಣ್ಣ ಹೋಗ್ತಿದೆ?" ಎಂದು ಕೇಳಿದ.

"ಕಪ್ಪು ಚಹಾ ಥರ. ನಿನ್ನೆಯಿಂದಾನೇ."

"ನಿನ್ನೆಯಿಂದ? ಹೇಳಬಾರದಾಗಿತ್ತಾ?"

"ನೀವು ಮೊದಲೇ ಹೆದರಿ ಒಣಗಿಹೋಗಿದೀರಿ. ಇದನ್ನೂ ಎಲ್ಲಿ ಹೇಳೋದು ಅಂತ ಸುಮ್ಮನಿದ್ದೆ."

ಬೇಗ ಸಿಗುವ ಗಾಡಿ ಕಚೇರಿಯ ಜೀಪು ಒಂದೇ. ಫೋನು ಮಾಡಿದ. ಅದರಲ್ಲಿ ಸಾಹೇಬರೇ ಕೂತು ಬಂದರು. ಹಿಂದಿನ ಸೀಟಿನಲ್ಲಿ ಹೆಂಡತಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಮುಂದಿನ ಸೀಟಿನ ಬೆನ್ನಿಗೆ ಸೂಜಿಯಣ್ಣ ಎಲ್ಲಾ ಹೇಳಿದ. ಹನ್ನೊಂದು ಸ್ಲೈಡು, ಅದಕ್ಕೆ ಹಿಂದಿನ ಸ್ಲೈಡುಗಳು, ತಂಗಿಯ ಬಾಣಂತನ, ಕಟಿಂಗ್‌ನವನ ಪೊಟ್ಟಣ. ಸಾಹೇಬರು ಒಂದು ಸಲವೂ ತಿರುಗಲಿಲ್ಲ. ತಿರುಗದೆಯೇ ಮಾತಾಡಿದರು.

"ಮೊದಲ ದಿನವೇ ಬಂದು ಹೇಳಿದ್ರೆ, ಹೊರಗಿನಿಂದ ಬಂದ ಕೇಸು ಒಂದು ಅಂತ ಬರೆದು ಮುಗಿಸ್ತಿದ್ದೆ ಕಣಯ್ಯಾ. ನಿಜವಾಗಿ ಹೊರಗಿನದೇ ಇತ್ತಲ್ಲ."

ಸೂಜಿಯಣ್ಣ ಹೆಂಡತಿಯ ತಲೆ ಜಾರದಂತೆ ಹಿಡಿದುಕೊಂಡ.

"ಈಗ ನಿನ್ನ ಹನ್ನೊಂದು ಸುಳ್ಳು ಅಂದ್ರೆ ಮೂರು ವರ್ಷದ ಸ್ಲೈಡೆಲ್ಲಾ ಸುಳ್ಳು. ಆಮೇಲೆ ಬೇರೆಯವರ ಪುಸ್ತಕ ತೆಗೀತಾರೆ. ಎಲ್ಲೆಲ್ಲಿ ಯಾರ್ಯಾರ ಹೆಂಡತಿ ಬೆರಳಿದೆಯೋ ಯಾರಿಗೆ ಗೊತ್ತು? ಒಂದು ಕೆಲಸ ಮಾಡು. ಮಾತ್ರೆ ನಿನ್ನ ಚೀಲದಲ್ಲಿತ್ತು, ಶಕ್ತಿ ಮಾತ್ರೆ ಅಂದ್ಕೊಂಡು ಇವರೇ ನುಂಗಿದ್ರು. ಅಷ್ಟೇ. ಡಾಕ್ಟ್ರಿಗೆ ಯಾವ ಮಾತ್ರೆ ಅಂತ ಗೊತ್ತಾದ್ರೆ ಸಾಕು, ಚಿಕಿತ್ಸೆ ಆಗೇ ಆಗುತ್ತೆ. ಮಲೇರಿಯಾ ಮಾತು ಬೇಡ."

ಹೆಂಡತಿ ಕಣ್ಣು ಮುಚ್ಚಿದ್ದಳು. ನಿದ್ದೆ ಹತ್ತಿದೆ ಎಂದು ಅವನು ಅಂದುಕೊಂಡ.

ಆಸ್ಪತ್ರೆಯ ತುರ್ತು ಕೊಠಡಿಯಲ್ಲಿ ನಾಲ್ಕು ಮಂಚ, ನಡುವೆ ಹಸಿರು ಪರದೆ. ವೈದ್ಯೆ ಅವಳ ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿದರು, ಸೂಜಿಯಣ್ಣನ ಕೈಯಲ್ಲಿದ್ದ ಅರ್ಧ ಖಾಲಿಯಾದ ಮಾತ್ರೆ ಪಟ್ಟಿಯನ್ನು ತೆಗೆದುಕೊಂಡು ಓದಿದರು.

"ಇದನ್ನ ಇವರಿಗೆ ಯಾರು ಕೊಟ್ಟಿದ್ದು? ಮಲೇರಿಯಾ ಇದೆಯಾ ಇವರಿಗೆ?"

ಸಾಹೇಬರು ಕಿಟಕಿಯ ಹೊರಗೆ ನೋಡುತ್ತಾ ನಿಂತಿದ್ದರು. ಸೂಜಿಯಣ್ಣ ಬಾಯಿ ತೆರೆದ. ನಿಜವನ್ನೇ ಹೇಳಲು ತೆರೆದಿದ್ದೆ ಎಂದು ಅವನು ಇವತ್ತಿಗೂ ಅನ್ನುತ್ತಾನೆ. ನಾವು ನಂಬೋಣ, ಆದರೆ ಅವನಿಗೇ ಪೂರ್ತಿ ನಂಬಿಕೆಯಿಲ್ಲ. ಯಾಕೆಂದರೆ ಬಾಯಿ ತೆರೆದು, ಮಾತು ಬರುವುದರೊಳಗೆ ಅವನು ಒಂದು ಉಸಿರಿನಷ್ಟು ತಡ ಮಾಡಿದ.

"ನಾನೇ ತಗೊಂಡೆ ಡಾಕ್ಟ್ರೇ," ಎಂದಳು ಮಂಚದ ಮೇಲಿನಿಂದ ಹೆಂಡತಿ. "ಇವರ ಚೀಲದಲ್ಲಿತ್ತು. ಶಕ್ತಿ ಮಾತ್ರೆ ಅಂದ್ಕೊಂಡೆ. ಐದು ದಿನ ನುಂಗಿದೆ. ಜ್ವರಗಿರ ಏನೂ ಇರಲಿಲ್ಲ."

"ಗಂಡ ಇಂಥ ಕೆಲಸದಲ್ಲಿದ್ದೂ ಇಷ್ಟು ತಿಳಿಯಲ್ವೇನಮ್ಮ ನಿಮಗೆ?"

"ತಿಳೀಲಿಲ್ಲ."

ಸೂಜಿಯಣ್ಣ ತೆರೆದ ಬಾಯಿ ಮುಚ್ಚಿಕೊಂಡ. ಅವಳು ಅವನ ಕಡೆ ನೋಡಲೂ ಇಲ್ಲ. ನೋಡಿದ್ದರೆ ಹೇಳಿಬಿಡುತ್ತಿದ್ದೆ ಎಂದೂ ಅವನು ಅನ್ನುತ್ತಾನೆ.

ಎರಡು ಬಾಟಲಿ ರಕ್ತ ಹಾಕಿದರು. ಆರು ದಿನದಲ್ಲಿ ಮೂತ್ರ ತಿಳಿಯಾಯಿತು, ತುಟಿಗೆ ಬಣ್ಣ ಬಂತು, ಅವಳು ಮನೆಗೆ ಬಂದಳು. ಕಂದು ಮಾತ್ರೆಯನ್ನು ಇನ್ನು ಜನ್ಮದಲ್ಲಿ ಮುಟ್ಟಬಾರದು ಎಂದು ವೈದ್ಯೆ ಕೆಂಪು ಶಾಯಿಯಲ್ಲಿ ಬರೆದು ಕಳಿಸಿದರು. ಹತ್ತು ಜನ ಗಟ್ಟಿಮುಟ್ಟಾದವರು ಹದಿನಾಲ್ಕನೆಯ ಮಾತ್ರೆಯನ್ನೂ ನುಂಗಿ ಗುಣಮುಖರಾದರು. ಹನ್ನೊಂದನೆಯವನು ನುಂಗದೆಯೇ ಆದ.

ದೊಡ್ಡ ಸಂಸ್ಥೆಯವರು ಬಂದರು. ಮದುವೆಯ ಕಾಗದಗಳನ್ನು ನೋಡಿದರು, ಹನ್ನೊಂದು ಕೇಸನ್ನು ಇಷ್ಟು ಬೇಗ ಹಿಡಿದು ಗುಣಪಡಿಸಿದ್ದಕ್ಕೆ ತಲೆದೂಗಿದರು. ಪ್ರಮಾಣಪತ್ರವೂ ಬಂತು. ಕಚೇರಿಯ ಸಭಾಂಗಣದಲ್ಲಿ ಎಲ್ಲರನ್ನೂ ನಿಲ್ಲಿಸಿ ಫೋಟೋ ತೆಗೆದರು. ಸೂಜಿಯಣ್ಣ ಹಿಂದಿನ ಸಾಲಿನಲ್ಲಿ ನಿಂತು, ಮುಂದಿನವರ ಹೆಗಲಿನ ಹಿಂದೆ ಮುಖ ಸರಿಸಿಕೊಂಡ.

ಅವಳ ರಕ್ತದಲ್ಲಿದ್ದದ್ದು ಬಿಳಿ ಮಾತ್ರೆಗೆ ಹೋಗಿತ್ತು. ಯಕೃತ್ತಿನಲ್ಲಿ ಅಡಗಿದ್ದು ಹೋಗಿರಲಿಕ್ಕಿಲ್ಲ ಎಂದು ಅವನಿಗೆ ಗೊತ್ತು. ಅದು ಒಂದು ತಿಂಗಳಿಗೆ ಎದ್ದೀತು, ಒಂದು ವರ್ಷಕ್ಕೆ ಎದ್ದೀತು. ಅಂಥ ರಕ್ತದವರಿಗೂ ಒಂದು ದಾರಿ ಇದೆ. ಆಸ್ಪತ್ರೆಯವರ ಕಣ್ಣೆದುರು, ರಕ್ತ ನೋಡುತ್ತಾ ನೋಡುತ್ತಾ, ಅದೇ ಕಂದು ಮಾತ್ರೆಯನ್ನು ವಾರಕ್ಕೊಮ್ಮೆಯಂತೆ ಎಂಟು ವಾರ ಕೊಡುತ್ತಾರೆ. ಆದರೆ ಅದು ಮಲೇರಿಯಾ ಇದ್ದವರಿಗೆ. ಇವಳು ಮಲೇರಿಯಾ ಇಲ್ಲದ, ಬುದ್ಧಿಯಿಲ್ಲದೆ ಮಾತ್ರೆ ನುಂಗಿದ ಹೆಂಗಸು ಎಂದು ಆಸ್ಪತ್ರೆಯ ಕಾಗದದಲ್ಲಿ ಬರೆದಿದೆ. ಅದನ್ನು ತಿದ್ದಬೇಕಾದರೆ ಗೋಡೆಯ ಮೇಲಿನ ಪ್ರಮಾಣಪತ್ರದಿಂದ ಹಿಡಿದು ಎಲ್ಲಾ ತಿದ್ದಬೇಕು. ದಿನಾ ಬೆಳಿಗ್ಗೆ ಹೋಗಿ ಹೇಳಬೇಕು ಎಂದು ಅಂಗಿ ತೊಟ್ಟು ಹೊರಡುತ್ತಾನೆ, ಕಚೇರಿಯ ಮೆಟ್ಟಿಲವರೆಗೆ ಹೋಗುತ್ತಾನೆ, ಹಾಜರಿಗೆ ಸಹಿ ಹಾಕಿ ಚೀಲ ಹೆಗಲಿಗೇರಿಸಿ ಬೀದಿಗಿಳಿಯುತ್ತಾನೆ.

ಈಗ ಅವನು ತನ್ನ ಮನೆಯಲ್ಲೂ ಕೇಳುತ್ತಾನೆ. ಕೆಲಸದಿಂದ ಬಂದವನು ಚಪ್ಪಲಿ ಬಿಡುವ ಮೊದಲೇ ಕೇಳುತ್ತಾನೆ.

"ಚಳಿ ಆಗ್ತಿದೆಯಾ?"

"ಇಲ್ಲ."

"ಮೈ ಕೈ ನೋವು?"

"ಏನೂ ಇಲ್ಲಾರೀ."

ಮೊನ್ನೆ ಸೆಖೆಯ ಮಧ್ಯಾಹ್ನ ಬೇಗ ಮನೆಗೆ ಬಂದ. ಅವಳು ಯಂತ್ರದ ಮುಂದೆ ಕೂತಿದ್ದಳು. ಕರೆಂಟಿದ್ದರೂ ಫ್ಯಾನು ಆರಿಸಿತ್ತು. ಕೇಳಿದ, ಇಲ್ಲ ಎಂದಳು. ಹಣೆ ಮುಟ್ಟಿ ನೋಡಲು ಕೈ ಚಾಚಿದ. ಅವಳು ತಲೆಯನ್ನು ಹಿಂದಕ್ಕೆ ಸರಿಸಿದಳು.

"ಕೈ ತೆಗೀರಿ. ದಾರ ತಪ್ಪುತ್ತೆ."

ಅವನು ಕೈ ತೆಗೆದ. ಅವಳು ಅಂಗಿಯ ಮೇಲೆ ಬಗ್ಗಿ ಹೊಲಿಯುತ್ತಲೇ ಇದ್ದಳು, ಅವನು ಮುಂದೇನು ಕೇಳಬೇಕೋ ತಿಳಿಯದೆ ಪಕ್ಕದಲ್ಲೇ ನಿಂತಿದ್ದ.